ಎದೆ ಡವಡವ ಎಂದರೆ ಹೆದರುತ್ತಿದ್ದ ಹುಡುಗಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದವಳು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ. ರಾತ್ರಿ ನಿದ್ದೆಯಿಲ್ಲ, ಓದಲು ಕೂತರೆ ಎದೆ ಡವಡವ, ಯಾರ ಜೊತೆಗೂ ಮಾತು ಬೇಡ. ಆತಂಕ ಎಷ್ಟಿದೆ ಎಂದು ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 13 ಬಂತು, ಅಂದರೆ ಮಧ್ಯಮ ಮಟ್ಟದ ಆತಂಕ. ಹೃದಯ, ಥೈರಾಯ್ಡ್, ರಕ್ತಹೀನತೆ ಎಲ್ಲ ನೋಡಿದ ವೈದ್ಯರು ತೊಂದರೆಯಿಲ್ಲ ಎಂದಿದ್ದರು.

ಮಾತಿನ ನಡುವೆ ಒಂದು ಸಂಗತಿ ಹೊರಬಿತ್ತು. ಶಾಲೆಯಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದವಳು ಈಗ ಮೆಟ್ಟಿಲು ಹತ್ತುವುದನ್ನೂ ಬಿಟ್ಟಿದ್ದಳು. "ಹತ್ತಿದ್ರೆ ಎದೆ ಹೊಡ್ಕೊಳ್ಳತ್ತೆ ಮೇಡಂ, ಮತ್ತೆ ಅದೇ ಶುರುವಾಯ್ತು ಅನ್ಸತ್ತೆ."

ಗಾಬರಿಯಲ್ಲೂ ಓಟದಲ್ಲೂ ದೇಹದಲ್ಲಿ ನಡೆಯುವುದು ಹೆಚ್ಚುಕಮ್ಮಿ ಒಂದೇ: ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಮೈ ಬೆವರುತ್ತದೆ. ಎದೆಬಡಿತವೇ ಅಪಾಯ ಎಂದುಕೊಂಡವರು ಓಡಾಟ ಕಡಿಮೆ ಮಾಡುತ್ತಾರೆ. ಕಡಿಮೆ ಮಾಡಿದಷ್ಟೂ ಸಣ್ಣ ಶ್ರಮಕ್ಕೂ ಎದೆ ಬಡಿಯುತ್ತದೆ, ಭಯ ಬಲಿಯುತ್ತದೆ. "ವ್ಯಾಯಾಮ ಮಾಡು, ಎಲ್ಲ ಸರಿಹೋಗತ್ತೆ" ಎಂದು ಮನೆಯವರು ಹೇಳುತ್ತಲೇ ಇದ್ದರು. ಅವಳಿಗೆ ಅದು ಬೈಗುಳದ ಹಾಗೆ ಕೇಳಿಸುತ್ತಿತ್ತು. ಮನಸ್ಸಿಗೆ ಮಂಕು ಕವಿದವರಿಗೆ ಬರಿಯ ಉಪದೇಶ ಹಾಗೇ ಕೇಳಿಸುವುದು.

ನನ್ನ ಕೋಣೆಯಲ್ಲೇ ಇಬ್ಬರೂ ನಿಂತ ಜಾಗದಲ್ಲಿ ಒಂದು ನಿಮಿಷ ಓಡಿದೆವು. ಆಮೇಲೆ ನಾಡಿ ಹಿಡಿದು ಸುಮ್ಮನೆ ಕೂರಲು ಹೇಳಿದೆ. ಮೊದಲು ಅವಳ ಕಣ್ಣಲ್ಲಿ ದಿಗಿಲು. ಬಡಿತ ಇಳಿಯುತ್ತಾ ಹೋದಂತೆ ಬಿಗಿದಿದ್ದ ಭುಜವೂ ಸಡಿಲವಾಯಿತು. "ನಾನೇನೂ ಮಾಡ್ಲಿಲ್ಲ, ಅದೇ ಕಡಿಮೆಯಾಯ್ತು!" ಎಂದಳು. ಅವಳಿಗೆ ಮನವರಿಕೆಯಾಗಬೇಕಿದ್ದದ್ದು ಇಷ್ಟೇ.

ಮನೆಗೆ ಕಳಿಸುವಾಗ ಹೇಳಿದೆ: "ನೋಡಮ್ಮಾ, ದಿನಾ ಹತ್ತು ನಿಮಿಷ ಬಿರುಸಾಗಿ ನಡಿ. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು, ಅಷ್ಟು ವೇಗ ಸಾಕು. ಮನಸ್ಸು ಬರಲಿ ಅಂತ ಕಾಯ್ಬೇಡ, ಗಂಟೆ ನೋಡಿ ಹೊರಡು. ಮುಂಚೆ, ಆಮೇಲೆ ಆತಂಕ ಎಷ್ಟಿತ್ತು ಅಂತ ಹತ್ತಕ್ಕೆ ಅಂಕ ಬರೆದಿಡು. ಒಂದಿನ ತಪ್ಪಿದ್ರೆ ಮರುದಿನ ದುಪ್ಪಟ್ಟು ನಡೀಬೇಡ." ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸೂಚಿಸಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ. ಆ ಲೆಕ್ಕವನ್ನು ಬೇಕೆಂದೇ ಅವಳ ಮುಂದಿಡಲಿಲ್ಲ. ಮುಟ್ಟಲಾಗದ ಗುರಿ ಸೋತೆ ಎನ್ನುವ ಭಾವವನ್ನೇ ಬೆಳೆಸುತ್ತದೆ.

ಒಮ್ಮೆ ನಡೆದು ಬಂದರೆ ಸಿಗುವ ಹಗುರ ಕೆಲವು ಗಂಟೆಗಳದ್ದು. ಅದು ನೆಲೆಯೂರಲು ವಾರಗಳು ಬೇಕು. ಸಾಯುವ ಯೋಚನೆ ಬಂದರೆ, ಹಾಸಿಗೆ ಬಿಟ್ಟು ಏಳಲೂ ಆಗದಿದ್ದರೆ ನಡಿಗೆಯನ್ನು ನಂಬಿ ಕೂರಬಾರದು, ತಕ್ಷಣ ಮನೋವೈದ್ಯರನ್ನು ಕಾಣಬೇಕು. ಇದನ್ನು ಅವಳಿಗೂ ತಾಯಿಗೂ ಬಿಡಿಸಿ ಹೇಳಿದೆ.

ಈಗ ಮೆಟ್ಟಿಲು ಹತ್ತುತ್ತಾಳೆ, ನಿದ್ದೆ ಸುಧಾರಿಸಿದೆ. ತರಗತಿಯಲ್ಲಿ ಎದ್ದು ನಿಂತು ಮಾತಾಡುವ ಭಯ ಮಾತ್ರ ಹೋಗಿಲ್ಲ. ಅದಕ್ಕೆಂದೇ ಆಪ್ತಸಲಹೆ ಮುಂದುವರಿದಿದೆ.