ಮಲಗಿದ್ದ ಗ್ರೇಹೌಂಡ್ ಮಗಳ ಮೇಲೆ ಗುರ್ ಎಂದಿತು, ವಾಪಸ್ ಕೊಡಬೇಕೆ?

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ರೇಸಿನಿಂದ ನಿವೃತ್ತಿಯಾದ ನಾಲ್ಕು ವರ್ಷದ ಗಂಡು ಗ್ರೇಹೌಂಡ್ ನಾಯಿಯನ್ನು ದತ್ತು ತಂದು ಮೂರು ವಾರವಾಯಿತು. ಬಲು ಸಾಧು. ಆದರೆ ಮೊನ್ನೆ ಅದು ಮಲಗಿದ್ದಾಗ ಐದು ವರ್ಷದ ಮಗಳು ಹೋಗಿ ಕುತ್ತಿಗೆ ತಬ್ಬಿದಳು. ಗುರ್ ಎಂದು ಬಾಯಿ ಹಾಕಿತು, ಪುಣ್ಯಕ್ಕೆ ತಾಗಲಿಲ್ಲ. ನಾವು ಹೊರಗೆ ಹೋದರೆ ಊಳಿಡುತ್ತದೆ, ಮೆಟ್ಟಿಲು ಹತ್ತುವುದಿಲ್ಲ. ಯಜಮಾನರು ವಾಪಸ್ ಕೊಡೋಣ ಎನ್ನುತ್ತಾರೆ. ಮುಂದಿನ ತಿಂಗಳು ಹುಬ್ಬಳ್ಳಿಯಿಂದ ಅತ್ತೆ ಬರುತ್ತಿದ್ದಾರೆ. ನನಗೋ ಅದರ ಮೇಲೆ ಜೀವ. ಏನು ಮಾಡಲಿ?

ಉತ್ತರ: ನಿಮ್ಮ ಯಜಮಾನರ ಹೆದರಿಕೆ ನ್ಯಾಯವಾದದ್ದೇ. ಆದರೆ ನಾಯಿ ಕೆಟ್ಟದ್ದೆಂದು ಈಗಲೇ ತೀರ್ಮಾನಿಸಬೇಡಿ. ರೇಸಿನ ನಾಯಿಗಳು ಬೆಳೆಯುವುದು ಕೆನಲ್‌ನಲ್ಲಿ, ಅಂದರೆ ಹಲವು ನಾಯಿಗಳನ್ನು ಒಟ್ಟಿಗೆ ಸಾಕುವ ಗೂಡುಗಳಲ್ಲಿ. ಅಲ್ಲಿ ಒಂದೊಂದಕ್ಕೂ ತನ್ನದೇ ಹಾಸಿಗೆ; ನಿದ್ದೆಯಲ್ಲಿದ್ದಾಗ ಯಾರೂ ಮೈಮುಟ್ಟಿ ಎಬ್ಬಿಸುವುದಿಲ್ಲ. ಹಠಾತ್ತನೆ ಕೈ ಬಿದ್ದರೆ ಪೂರ್ತಿ ಎಚ್ಚರವಾಗುವ ಮೊದಲೇ ಬಾಯಿ ಹೋಗುತ್ತದೆ. ಇದಕ್ಕೆ ಸ್ಲೀಪ್ ಸ್ಟಾರ್ಟಲ್ ಎನ್ನುತ್ತಾರೆ. ಎಷ್ಟೋ ಗ್ರೇಹೌಂಡ್‌ಗಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದರಿಂದ ಎಚ್ಚರವಿದೆ ಎಂದುಕೊಂಡು ದೊಡ್ಡವರೂ ಮೋಸಹೋಗುತ್ತಾರೆ.

ಗುರ್ ಎಂದದ್ದಕ್ಕೆ ಗದರಬೇಡಿ, ಹೊಡೆಯಲಂತೂ ಬೇಡವೇ ಬೇಡ. ಗುರುಗುಡುವುದು ಅದು ಕೊಡುವ ಎಚ್ಚರಿಕೆ. ಅದನ್ನು ಅಡಗಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಇವತ್ತೇ ಹಾಸಿಗೆಯನ್ನು ಓಡಾಟದ ದಾರಿಯಿಂದ ಮೂಲೆಗೆ ಸರಿಸಿ, ಸುತ್ತ ಮಕ್ಕಳ ಗೇಟ್ ಕಟ್ಟಿ. ಮೂಳೆ ಮೈಯ ನಾಯಿ, ಹಾಸಿಗೆ ದಪ್ಪಗಿರಲಿ. ಸೋಫಾ, ನಿಮ್ಮ ಮಂಚ ಸದ್ಯಕ್ಕೆ ಬೇಡ. ಎಬ್ಬಿಸಬೇಕಾದರೆ ದೂರದಿಂದ ಹೆಸರು ಹಿಡಿದು ಕರೆಯಿರಿ. ಅದು ಎದ್ದು ನಿಂತು ನಿಮ್ಮ ಹತ್ತಿರ ಬಂದ ಮೇಲೆ ತಿಂಡಿ ಕೊಡಿ. ಮಗಳಿಗೆ ಒಂದೇ ನಿಯಮ: ನಾಯಿ ಮಲಗಿದ್ದರೆ ನಾವು ಹೋಗುವುದಿಲ್ಲ, ಅದೇ ನಮ್ಮ ಹತ್ತಿರ ಬರಬೇಕು. ಐದು ವರ್ಷದ ಮಗು ಮರೆತೇ ಮರೆಯುತ್ತದೆ, ಆದ್ದರಿಂದಲೇ ಗೇಟ್. ನೀವಿಬ್ಬರಲ್ಲಿ ಒಬ್ಬರು ಕಣ್ಣಿಟ್ಟಿರದಿದ್ದರೆ ಅವರಿಬ್ಬರೂ ಒಂದೇ ಕೋಣೆಯಲ್ಲಿ ಇರಕೂಡದು.

ಊಳಿಡುವುದಕ್ಕೂ ಕಾರಣ ಕೆನಲ್ಲೇ. ಸುತ್ತ ಬೇರೆ ನಾಯಿಗಳಿಲ್ಲದ ದಿನವನ್ನೇ ಅದು ಕಂಡಿರಲಿಕ್ಕಿಲ್ಲ. ಬಾಗಿಲು ಹಾಕಿಕೊಂಡು ಅರ್ಧ ನಿಮಿಷ ಹೊರಗೆ ನಿಂತು ಒಳಗೆ ಬನ್ನಿ. ಸುಮ್ಮನಿದ್ದರೆ ಒಂದು ನಿಮಿಷ, ಆಮೇಲೆ ಎರಡು, ಐದು. ಊಳಿಟ್ಟರೆ ನೀವು ಅವಸರ ಮಾಡಿದ್ದೀರಿ ಎಂದರ್ಥ, ಹಿಂದಿನ ಹಂತಕ್ಕೆ ಇಳಿಯಿರಿ. ಹೋಗುವ ಮೊದಲು ಇಪ್ಪತ್ತು ನಿಮಿಷ ನಡೆಸಿ.

ಮೆಟ್ಟಿಲು ಹತ್ತದಿರುವುದು ಮೊಂಡುತನವಲ್ಲ, ಅದು ಮೆಟ್ಟಿಲನ್ನೇ ನೋಡಿಲ್ಲ. ನುಣುಪಾಗಿದ್ದರೆ ರಬ್ಬರ್ ಮ್ಯಾಟ್ ಹಾಕಿ. ಹಾರ್ನೆಸ್ (ಎದೆಪಟ್ಟಿ) ತೊಡಿಸಿ ಒಬ್ಬರು ಮುಂದೆ ತಿಂಡಿ ಹಿಡಿಯಿರಿ. ಇನ್ನೊಬ್ಬರು ಹಿಂದೆ ನಿಂತು ಒಂದೊಂದೇ ಪಾದವನ್ನು ಎತ್ತಿ ಮೇಲಿನ ಮೆಟ್ಟಿಲ ಮೇಲಿಡಿ. ಇಳಿಯುವುದು ಇನ್ನೂ ಕಷ್ಟ, ಕೆಳಗಿನ ಎರಡೇ ಮೆಟ್ಟಿಲಿಂದ ಶುರುಮಾಡಿ. ಗಾಜಿನ ಬಾಗಿಲಿಗೆ ಅದರ ಕಣ್ಣಿನ ಮಟ್ಟದಲ್ಲಿ ಟೇಪ್ ಅಂಟಿಸಿ, ಗಾಜೆಂದು ತಿಳಿಯದೆ ನುಗ್ಗುತ್ತದೆ.

ಇನ್ನು ಅತ್ತೆಯವರು. ಅಯ್ಯೋ, ಎಲುಬು ಕಾಣ್ತಾವಲ್ಲ ಎಂದು ಅವರು ಉಣಿಸಲು ಹೊರಟರೆ ಅದು ಪ್ರೀತಿಯೇ. ಮುಧೋಳದ ನಾಯಿ ನೆನಪಿಸಿ: ಇದರದೂ ಅದೇ ಮೈಕಟ್ಟು, ಕೊನೆಯ ಎರಡು ಪಕ್ಕೆಲುಬು ತುಸು ಕಾಣುತ್ತಲೇ ಇರಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ಉಳಿದ ಹುಳಿ, ಪಲ್ಯ ಹಾಕಬಾರದು. ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ. ಪಾಯಸ, ಕೇಸರಿಬಾತ್ ಕೂಡ ಬೇಡ. ನಾಯಿಯನ್ನು ಹೊರಗೆ ಕರೆದೊಯ್ಯುವ ಕೆಲಸವನ್ನು ಅವರಿಗೆ ಒಪ್ಪಿಸಬೇಡಿ. ನಿಮ್ಮ ವಿಕ್ಟೋರಿಯಾ ರಾಜ್ಯದಲ್ಲಿ 2019ರ ಜನವರಿಯಿಂದ ಸಾಕಿದ ಗ್ರೇಹೌಂಡ್‌ಗೆ ಬಾಯಿಕುಕ್ಕೆ ಕಡ್ಡಾಯವಲ್ಲ, ಹಗ್ಗ ಮಾತ್ರ ಬೇಕೇ ಬೇಕು. ಬೆಕ್ಕು ಕಂಡರೆ ಕೆಲವೇ ಹೆಜ್ಜೆಯಲ್ಲಿ ಗಂಟೆಗೆ 60 ಕಿಲೋಮೀಟರ್ ದಾಟುವ ಪ್ರಾಣಿ ಅದು. ತಲೆ ಕುತ್ತಿಗೆಗಿಂತ ಸಪೂರ, ಮಾಮೂಲಿ ಕಾಲರ್ ಜಾರಿಹೋಗುತ್ತದೆ. ಎಳೆದಾಗ ತುಸು ಬಿಗಿಯಾಗುವ, ಅಗಲವಾದ ಮಾರ್ಟಿಂಗೇಲ್ ಕಾಲರ್ ಹಾಕಿ. ಸುರುಳಿ ಬಿಚ್ಚಿಕೊಳ್ಳುವ ಹಗ್ಗ ಬೇಡ, ಆ ವೇಗದಲ್ಲಿ ಹಗ್ಗ ಮುಗಿದು ಜಗ್ಗಿದರೆ ಕುತ್ತಿಗೆಗೆ ಪೆಟ್ಟು.

ಪಶುವೈದ್ಯರ ಬಳಿ ಹೋದಾಗ ಗ್ರೇಹೌಂಡ್‌ಗಳ ಅನುಭವವಿದೆಯೇ ಎಂದು ಕೇಳಿ. ಕೆಲವು ಅರಿವಳಿಕೆ ಔಷಧಗಳನ್ನು ಈ ತಳಿಯ ಯಕೃತ್ತು ನಿಧಾನವಾಗಿ ಕರಗಿಸುತ್ತದೆ. ಥೈರಾಯ್ಡ್ ಅಂಶ ಹುಟ್ಟಿನಿಂದಲೇ ಕಡಿಮೆ, ಅದನ್ನೇ ರೋಗವೆಂದು ತಿಳಿದು ಮಾತ್ರೆ ಶುರುಮಾಡುವುದುಂಟು. ಹಲ್ಲು ಬೇಗ ಕೆಡುತ್ತದೆ, ದಿನಾ ಉಜ್ಜಿ. ಇದ್ದಕ್ಕಿದ್ದಂತೆ ಗುರುಗುಡುವುದು ಹೆಚ್ಚಿದರೆ ಎಲ್ಲೋ ನೋವಿದೆ ಎಂದು ಮೊದಲು ಅನುಮಾನಿಸಿ.

ಗೇಟ್ ಕಟ್ಟಿ ನಾಲ್ಕು ವಾರ ನೋಡೋಣ ಎಂದು ಯಜಮಾನರನ್ನು ಕೇಳಿ. ಅಷ್ಟರಲ್ಲಿ ಅದು ಎಚ್ಚರವಿದ್ದಾಗಲೂ ಮಗಳತ್ತ ಗುರುಗುಟ್ಟಿದರೆ, ಅಥವಾ ಅವರಿಬ್ಬರನ್ನು ಬೇರೆ ಇಡುವುದು ನಿಮ್ಮ ಮನೆಯಲ್ಲಿ ಆಗದ ಮಾತಾದರೆ, ದತ್ತು ಕೊಟ್ಟ ಸಂಸ್ಥೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿ. ಮಕ್ಕಳಿಲ್ಲದ ಮನೆಯೊಂದನ್ನು ಅದಕ್ಕೆ ಹುಡುಕಲು ಅವರಿಗೆ ಈ ವಿವರ ಬೇಕಾಗುತ್ತದೆ.