ಬಿಸಿಲು ಹೆಚ್ಚಿದರೆ ಸೌರ ವಿದ್ಯುತ್ತೂ ಹೆಚ್ಚುವುದೇ?

ಪ್ರಶ್ನೆ: ನಮ್ಮ ಮನೆಯ ಮಾಳಿಗೆಯ ಮೇಲೆ 3 ಕಿಲೋವ್ಯಾಟ್‌ನ ಸೌರ ಘಟಕ ಹಾಕಿಸಿದ್ದೇವೆ. ಫೆಬ್ರುವರಿಯ ಮಧ್ಯಾಹ್ನ ಇನ್ವರ್ಟರ್ ತೋರಿಸುತ್ತಿದ್ದಷ್ಟು ಉತ್ಪಾದನೆಯನ್ನು ಮೇ ತಿಂಗಳ ಉರಿಬಿಸಿಲಿನಲ್ಲಿ ತೋರಿಸುತ್ತಿಲ್ಲ. ಕರೆಂಟ್ ಹೋದೊಡನೆ ಘಟಕವೂ ನಿಂತುಬಿಡುತ್ತದೆ. ಇದು ಫಲಕಗಳ ದೋಷವೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ದೋಷವಿರಲಾರದು. ಫಲಕಕ್ಕೆ ಬೇಕಾದುದು ಸೂರ್ಯನ ಬೆಳಕೇ ಹೊರತು ಕಾವಲ್ಲ. ನೀರು ಕಾಯಿಸುವ ಸೋಲಾರ್ ಹೀಟರನ್ನು ಮೊದಲು ಕಂಡ ನಮ್ಮ ಜನ ಎರಡನ್ನೂ ಒಂದೇ ಎಂದು ತಿಳಿಯುವುದು ಸಹಜ. ಫಲಕದ ಪ್ರತಿ ಕೋಶವೂ ಸಿಲಿಕಾನ್‌ನ ತೆಳುಬಿಲ್ಲೆ. ಅದರ ಒಂದು ಪದರದಲ್ಲಿ ರಂಜಕವನ್ನೂ ಇನ್ನೊಂದರಲ್ಲಿ ಬೋರಾನನ್ನೂ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿರುವುದರಿಂದ, ಎರಡೂ ಕೂಡುವ ಗಡಿಯಲ್ಲಿ ವಿದ್ಯುತ್ ಕ್ಷೇತ್ರವೊಂದು ತಾನಾಗಿ ಏರ್ಪಟ್ಟಿರುತ್ತದೆ. ಬೆಳಕು ಬಿದ್ದು ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಆ ಕ್ಷೇತ್ರವು ಒಂದೇ ದಿಕ್ಕಿಗೆ ನೂಕುತ್ತದೆ, ಆ ಹರಿವೇ ವಿದ್ಯುತ್ತು. ಒಂದು ಕೋಶದಿಂದ ಸಿಗುವುದು ಸುಮಾರು ಅರ್ಧ ವೋಲ್ಟ್ ಮಾತ್ರವಾದ್ದರಿಂದ ಹತ್ತಾರು ಕೋಶಗಳನ್ನು ಸಾಲಾಗಿ ಪೋಣಿಸಿರುತ್ತಾರೆ.

ಕೋಶ ಕಾದಷ್ಟೂ ಈ ವೋಲ್ಟೇಜು ಇಳಿಯುತ್ತದೆ. ಫಲಕದ ಹಿಂಬದಿಯ ಚೀಟಿಯಲ್ಲಿ ಬರೆದಿರುವ ವ್ಯಾಟ್, ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗಿನ ಲೆಕ್ಕ. ಹೊರಗೆ 41 ಡಿಗ್ರಿ ಇರುವ ಮಧ್ಯಾಹ್ನ ಗಾಜಿನಡಿಯ ಕೋಶ 65 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಡಿಗ್ರಿಗೆ ಶೇ 0.35ರಂತೆ ಹಿಡಿದರೂ ಶೇ 14ರಷ್ಟು ಅಲ್ಲಿಯೇ ಖೋತಾ. ನಿಮ್ಮದಕ್ಕಿಂತ ಸಾವಿರ ಪಟ್ಟು ದೊಡ್ಡದಾದ, ಚಿಕ್ಕೋಡಿ ತಾಲ್ಲೂಕು ಇಟ್ನಾಳದ 3 ಮೆಗಾವ್ಯಾಟ್ ಘಟಕವೂ ಈ ನಿಯಮಕ್ಕೆ ಹೊರತಲ್ಲ. ಇದಲ್ಲದೆ, ಮೇ ಮೊದಲ ವಾರದ ಸುಮಾರಿಗೆ ಸೂರ್ಯ ನಿಮ್ಮೂರಿನ ನೆತ್ತಿಗೆ ಬಂದು ಬಳಿಕ ಉತ್ತರಕ್ಕೆ ಸರಿಯುವುದರಿಂದ, ದಕ್ಷಿಣಕ್ಕೆ ವಾಲಿಸಿದ ಫಲಕಗಳಿಗೆ ಕಿರಣಗಳು ತುಸು ಓರೆಯಾಗಿ ಬೀಳುತ್ತವೆ.

ಬೇಸಿಗೆಯ ಧೂಳನ್ನೂ ಮರೆಯಬಾರದು. ಬೆಳಗಿನ ತಂಪಿನಲ್ಲಿಯೇ ತೊಳೆಯಿರಿ; ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಟ್ಟೀತು. ಬೋರಿನ ಗಡಸು ನೀರು ಹಾಗೆಯೇ ಆರಿದರೆ ಬಿಳಿಯ ಕಲೆ ಕೂರುವುದರಿಂದ, ಮೆತ್ತನೆಯ ಬಟ್ಟೆಯಿಂದ ಒರೆಸಿಬಿಡುವುದು ಲೇಸು.

ಇನ್ನು ಕರೆಂಟಿನ ವಿಷಯ. ಫಲಕದ ಏಕಮುಖ ವಿದ್ಯುತ್ತನ್ನು ಇನ್ವರ್ಟರ್ 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಿ ಹೆಸ್ಕಾಂ ತಂತಿಯೊಡನೆ ಹೊಂದಿಸುತ್ತದೆ. ತಂತಿಯಲ್ಲಿ ಪೂರೈಕೆ ನಿಂತಾಗ ಅದು ತಾನಾಗಿಯೇ ಬಂದ್ ಆಗಬೇಕು. ಇಲ್ಲದಿದ್ದರೆ ದುರಸ್ತಿಗೆಂದು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯಿಂದಲೇ ಶಾಕ್ ಹೊಡೆದೀತು. ಕರೆಂಟ್ ಇಲ್ಲದಾಗಲೂ ದೀಪ, ಫ್ಯಾನು ನಡೆಯಬೇಕೆಂದಿದ್ದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರನ್ನೇ ಹಾಕಿಸಬೇಕಾಗುತ್ತದೆ.