ಯುರೋಪಿನ ಬಸ್ಸಲ್ಲಿ ಒಬ್ಬರೇ, ಜೊತೆಗೊಂದು ಕ್ಯಾಮೆರಾ

ಪ್ರಶ್ನೆ: ನನಗೆ 41 ವರ್ಷ. ಶಿವಮೊಗ್ಗದ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಹಕ್ಕಿ ಫೋಟೊ ತೆಗೆಯುವ ಹವ್ಯಾಸ ಇದೆ. ಮಂಡಗದ್ದೆ, ಗುಡವಿ ಬಿಟ್ಟರೆ ಕ್ಯಾಮೆರಾ ಹೊತ್ತು ಹೆಚ್ಚು ದೂರ ಹೋದವಳಲ್ಲ. ಸೆಪ್ಟೆಂಬರ್‌ನಲ್ಲಿ 24 ದಿನ ರಜೆ ಹಾಕಿ ಯುರೋಪನ್ನು ಬಸ್ಸಿನಲ್ಲೇ ಸುತ್ತಬೇಕೆಂದಿದ್ದೇನೆ. ಪ್ಯಾರಿಸ್‌ನಿಂದ ಡುಬ್ರೊವ್‌ನಿಕ್‌ವರೆಗೆ 12 ಊರು ಗುರುತು ಮಾಡಿಕೊಂಡಿದ್ದೇನೆ. ರಾತ್ರಿ ಬಸ್ ಹಿಡಿದರೆ ಹೋಟೆಲ್ ಬಾಡಿಗೆ ಉಳಿಯುತ್ತದೆ ಅನ್ನುತ್ತಾರೆ, ನಿಜವೇ? ದೂರದ ಹಕ್ಕಿಗೆಂದು ಕೊಂಡ 150-600 ಟೆಲಿ ಲೆನ್ಸ್ ಒಯ್ಯಲೇ? ಒಬ್ಬಳೇ ಹೊರಟಿದ್ದೇನೆಂದು ಅಮ್ಮನಿಗೆ ದಿಗಿಲು.

ಉತ್ತರ: ಮೊದಲು ಆ ಪಟ್ಟಿಯನ್ನು ಅರ್ಧಕ್ಕಿಳಿಸಿ. 24 ದಿನಕ್ಕೆ 12 ಊರು ಅಂದರೆ ಎರಡು ದಿನಕ್ಕೊಂದು. ಬಸ್ಸಿಗೆ, ನಿಲ್ದಾಣಕ್ಕೆ, ರೂಮು ಹುಡುಕುವುದಕ್ಕೆ ಒಂದು ದಿನ ಹೋದರೆ ಕೈಯಲ್ಲಿ ಉಳಿಯುವುದು ಒಂದೇ ಬೆಳಗ್ಗೆ. ಅವತ್ತು ಮಳೆ ಹಿಡಿದರೆ ಆ ಊರು ಹೋದಂತೆಯೇ. ಗುಡವಿಗೆ ಹೋದ ಮೊದಲ ದಿನವೇ ಒಳ್ಳೆಯ ಚಿತ್ರ ಸಿಕ್ಕಿದ್ದು ಎಷ್ಟು ಸಲ ಹೇಳಿ?

ನಾನಾಗಿದ್ದರೆ ಹೀಗೆ ಹೋಗುತ್ತಿದ್ದೆ: ಬರ್ಲಿನ್ 4 ದಿನ, ಪ್ರಾಗ್ 5, ವಿಯೆನ್ನಾ 4, ಲ್ಯುಬ್ಲಿಯಾನಾ 3, ಸ್ಪ್ಲಿಟ್ 4, ಡುಬ್ರೊವ್‌ನಿಕ್ 3. ಬರ್ಲಿನ್‌ನಲ್ಲಿ ಇಳಿದು ಡುಬ್ರೊವ್‌ನಿಕ್‌ನಿಂದ ವಾಪಸ್ ಹಾರುವ ಹಾಗೆ ಟಿಕೆಟ್ ಮಾಡಿಸಿ, ಬಂದ ದಾರಿಯಲ್ಲೇ ಮರಳುವುದು ತಪ್ಪುತ್ತದೆ. ಬರ್ಲಿನ್‌ನಿಂದ ಪ್ರಾಗ್‌ಗೆ ನಾಲ್ಕೂವರೆ ಗಂಟೆ ಆಸುಪಾಸು, ಪ್ರಾಗ್‌ನಿಂದ ವಿಯೆನ್ನಾಕ್ಕೂ ಸುಮಾರು ಅಷ್ಟೇ. ನಮ್ಮಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋದಷ್ಟು ದಾರಿ. ಫ್ಲಿಕ್ಸ್‌ಬಸ್ಸಿನ ಹಸಿರು ಬಸ್ಸು, ರೆಜಿಯೊಜೆಟ್‌ನ ಹಳದಿ ಬಸ್ಸು ಎರಡೂ ಈ ಕಡೆ ಓಡಾಡುತ್ತವೆ. ಮುಂಚೆಯೇ ಬುಕ್ ಮಾಡಿದಷ್ಟೂ ಅಗ್ಗ.

ಈ ಲೆಕ್ಕ ವೀಸಾಕ್ಕೂ ಬೇಕು. ಷೆಂಗೆನ್ ವೀಸಾವನ್ನು (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಮೊದಲು ಇಳಿಯುವ ದೇಶಕ್ಕೆ ಹಾಕಬೇಕೆಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚು ದಿನ ಉಳಿಯುವ ದೇಶಕ್ಕೆ ಹಾಕಬೇಕು. ದಿನಗಳು ಸಮವಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶ. ಮೇಲಿನ ಪಟ್ಟಿಯಲ್ಲಿ ಸ್ಪ್ಲಿಟ್, ಡುಬ್ರೊವ್‌ನಿಕ್ ಎರಡೂ ಇರುವ ಕ್ರೊಯೇಷಿಯಾಕ್ಕೆ 7 ದಿನ ಬಂತು, ಹಾಗಾಗಿ ನಿಮ್ಮ ಅರ್ಜಿ ಅಲ್ಲಿಗೆ. ಪ್ರಯಾಣಕ್ಕೆ 6 ತಿಂಗಳು ಮೊದಲಿಂದಲೇ ಅರ್ಜಿ ಹಾಕಬಹುದು, ಕೊನೆಯ 15 ದಿನಕ್ಕೆ ಬಿಡಬೇಡಿ. 2024ರ ಜೂನ್‌ನಿಂದ ಶುಲ್ಕ 90 ಯುರೊ. ಕನಿಷ್ಠ 30,000 ಯುರೊ ವೈದ್ಯಕೀಯ ವಿಮೆ ಕಡ್ಡಾಯ. ಕ್ಯಾಮೆರಾ ಕಳೆದರೆ ಆ ವಿಮೆಯಿಂದ ಎಷ್ಟು ಸಿಗುತ್ತದೆ ಎಂದು ಪಾಲಿಸಿ ತೆರೆದು ಓದಿ. ಸಾಮಾನ್ಯವಾಗಿ ಬಹಳ ಕಡಿಮೆ.

ಇಲ್ಲೊಂದು ಅಪಾಯದ ಜಾಗ ಇದೆ, ದಯವಿಟ್ಟು ಗಮನವಿಟ್ಟು ಓದಿ. ಸ್ಪ್ಲಿಟ್‌ನಿಂದ ಡುಬ್ರೊವ್‌ನಿಕ್‌ಗೆ ಹೋಗುವ ಹಳೆಯ ರಸ್ತೆ ನಡುವೆ ನೆಯುಮ್ ಎಂಬಲ್ಲಿ ಬೋಸ್ನಿಯಾವನ್ನು ದಾಟುತ್ತದೆ. ಬೋಸ್ನಿಯಾ ಷೆಂಗೆನ್‌ಗೆ ಸೇರಿಲ್ಲ. ನಿಮ್ಮದು ಒಂದೇ ಪ್ರವೇಶದ ವೀಸಾ ಆಗಿದ್ದರೆ ಆ ಗಡಿ ದಾಟಿದ ಕ್ಷಣ ಅದು ಮುಗಿದಂತೆ. 2022ರ ಜುಲೈನಲ್ಲಿ ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಕ್ರೊಯೇಷಿಯಾದ ನೆಲದ ಮೇಲೇ ಹೋಗಲು ದಾರಿಯಾಗಿದೆ. ಟಿಕೆಟ್ ಕೊಳ್ಳುವ ಮುನ್ನ ಬಸ್ಸು ಯಾವ ದಾರಿ ಹಿಡಿಯುತ್ತದೆ ಎಂದು ಕೇಳಿಯೇ ಕೊಳ್ಳಿ. ಸಾಧ್ಯವಾದರೆ ಬಹು ಪ್ರವೇಶದ ವೀಸಾವನ್ನೇ ಕೇಳಿ. ಷೆಂಗೆನ್ ಒಳಗೂ ಗಡಿಯಲ್ಲಿ ಪೊಲೀಸರು ಬಸ್ ಹತ್ತಿ ಕಾಗದಪತ್ರ ನೋಡುವುದುಂಟು. ಪಾಸ್‌ಪೋರ್ಟ್ ಡಿಕ್ಕಿಯ ಸೂಟ್‌ಕೇಸಿನಲ್ಲಿ ಇರಬಾರದು, ಮೈಮೇಲೇ ಇರಬೇಕು.

ರಾತ್ರಿ ಬಸ್ ಬೇಡ. ಉಳಿಯುವುದು ಒಂದು ರಾತ್ರಿಯ ಬಾಡಿಗೆ, ಹಾಳಾಗುವುದು ಮರುದಿನ ಪೂರ್ತಿ. ಬೆಳಗಿನ ಜಾವ ಐದಕ್ಕೆ ಇಳಿದರೆ ರೂಮು ಕೊಡುವುದು ಮಧ್ಯಾಹ್ನ ಎರಡು ಮೂರಕ್ಕೆ. ಅಲ್ಲಿವರೆಗೆ ಕಣ್ಣುರಿಯುತ್ತ ಲಗೇಜು ಎಳೆದುಕೊಂಡು ತಿರುಗುವವರ ಕೈಯಲ್ಲಿ ಯಾವ ಚಿತ್ರವೂ ನೆಟ್ಟಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಬಸ್ಸಲ್ಲಿ ಹೋಗುವ ಸುಖವೇ ಕಿಟಕಿ, ಕತ್ತಲಲ್ಲಿ ಅದೇ ಇಲ್ಲ.

ಕೆಲವು ವರ್ಷದ ಹಿಂದೆ ನಾನೂ ರಾತ್ರಿ ಬಸ್ಸಲ್ಲಿ ಬುಡಾಪೆಸ್ಟ್‌ಗೆ ಹೊರಟಿದ್ದೆ. ಕ್ಯಾಮೆರಾ ಬ್ಯಾಗನ್ನು ತಲೆ ಮೇಲಿನ ಕಟ್ಟೆಯಲ್ಲಿಟ್ಟು ನಿದ್ದೆ ಹೋದೆ. ನಡುರಾತ್ರಿ ಎಲ್ಲೋ ನಿಂತಾಗ ಎಚ್ಚರವಾಗಿ ಮುಟ್ಟಿ ನೋಡಿದರೆ ಜಿಪ್ ತೆರೆದಿತ್ತು. ಒಂದು ಲೆನ್ಸು, ಮೆಮೊರಿ ಕಾರ್ಡಿನ ಪುಟ್ಟ ಡಬ್ಬಿ ಎರಡೂ ಇರಲಿಲ್ಲ. ಲೆನ್ಸು ಮತ್ತೆ ಕೊಂಡೆ. ಆ ಡಬ್ಬಿಯಲ್ಲಿದ್ದ ಮೂರು ದಿನದ ಚಿತ್ರಗಳು ಇವತ್ತಿಗೂ ನನ್ನನ್ನು ಕಾಡುತ್ತವೆ. ಬ್ಯಾಗು ತೊಡೆಯ ಮೇಲಿರಲಿ, ಇಲ್ಲವೇ ಕಾಲ ನಡುವೆ ಇಟ್ಟು ಅದರ ಪಟ್ಟಿಯನ್ನು ಕಾಲಿಗೆ ಸುತ್ತಿಕೊಳ್ಳಿ. ಚಿತ್ರಗಳನ್ನು ಪ್ರತಿ ರಾತ್ರಿ ಇನ್ನೊಂದು ಕಡೆಗೆ ಕಾಪಿ ಮಾಡಿ, ಆ ಕಾಪಿ ಕ್ಯಾಮೆರಾ ಬ್ಯಾಗಿನಲ್ಲಿ ಇರಬಾರದು.

150-600 ಮನೆಯಲ್ಲೇ ಇರಲಿ. ಅದೊಂದೇ ಸುಮಾರು ಎರಡು ಕಿಲೊ. ಫ್ಲಿಕ್ಸ್‌ಬಸ್ಸಿನಲ್ಲಿ ಕೈಚೀಲದ ಮಿತಿಯೇ 7 ಕಿಲೊ. ಈ ಊರುಗಳ ಬೀದಿ ಕಿರಿದು, ಹಿಂದೆ ಸರಿಯಲು ಜಾಗ ಸಿಗುವುದಿಲ್ಲ. ಅಗಲ ನೋಟಕ್ಕೆ 24-70 ಒಂದು, ಸಂಜೆಯ ಮಬ್ಬಿಗೆ 35ರ ಸಣ್ಣ ಲೆನ್ಸು ಇನ್ನೊಂದು ಸಾಕು. ಹೊರಡುವಾಗ ಇಲ್ಲಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಕ್ಯಾಮೆರಾ, ಲೆನ್ಸಿನ ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬಂದಾಗ ಹೊಸದಾಗಿ ಕೊಂಡು ತಂದಿರಾ ಎಂಬ ತಕರಾರು ಇರುವುದಿಲ್ಲ.

ಇನ್ನು ಬೆಳಕು. ಬರೆಯಲು ಕೂತಾಗಲೇ ಖುಷಿಯಾಗುವ ವಿಷಯ ಇದು. ನಮ್ಮೂರಲ್ಲಿ ಸೂರ್ಯ ಹೆಚ್ಚು ಕಡಿಮೆ ನೇರವಾಗಿ ಇಳಿದು ಮುಳುಗುತ್ತಾನೆ. ಹೊಂಬಿಸಿಲು ಸಿಗುವುದು ಸುಮಾರು 25 ನಿಮಿಷ. ಪ್ರಾಗ್ ಇರುವುದು 50 ಡಿಗ್ರಿ ಉತ್ತರದಲ್ಲಿ. ಅಲ್ಲಿ ಅವನು ಓರೆಯಾಗಿ ಜಾರುತ್ತಾನೆ, ಸೆಪ್ಟೆಂಬರ್‌ನಲ್ಲಿ ಅದೇ ಬೆಳಕು 40 ನಿಮಿಷದ ಹತ್ತಿರ ನಿಲ್ಲುತ್ತದೆ. ತಿಂಗಳ ನಡುವೆ ಸೂರ್ಯೋದಯ 6:40ರ ಸುಮಾರಿಗೆ. ಆರಕ್ಕೆಲ್ಲ ಚಾರ್ಲ್ಸ್ ಸೇತುವೆಯ ಪಶ್ಚಿಮದ ತುದಿಯಲ್ಲಿರಿ. 516 ಮೀಟರ್ ಉದ್ದದ ಕಲ್ಲಿನ ಸೇತುವೆ, ಎರಡೂ ಬದಿ ಸೇರಿ 30 ಪ್ರತಿಮೆ ಗುಂಪುಗಳು. ಹಳೇ ಪಟ್ಟಣದ ಗೋಪುರದ ಹಿಂದಿನಿಂದ ಬೆಳಕು ಏಳುವಾಗ ಪ್ರತಿಮೆಗಳು ಕಪ್ಪಗೆ ನಿಂತಿರುತ್ತವೆ, ನೆಲದ ಕಲ್ಲುಗಳ ಬೆನ್ನು ಮಾತ್ರ ಒಂದೊಂದಾಗಿ ಹೊಳೆಯತೊಡಗುತ್ತದೆ. ಒಂಬತ್ತರ ನಂತರ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ.

ಜನರ ಚಿತ್ರ ತೆಗೆಯುವಾಗ ಕೇಳಿಯೇ ತೆಗೆಯಿರಿ. ಜರ್ಮನಿಯಲ್ಲಿ ಒಬ್ಬರ ಭಾವಚಿತ್ರವನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ, ಇನ್‌ಸ್ಟಾಗ್ರಾಂ ಕೂಡ ಪ್ರಕಟಣೆಯೇ. ಸ್ಪ್ಲಿಟ್‌ನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲಿಷನ್‌ನ 1,700 ವರ್ಷ ಹಳೆಯ ಅರಮನೆಯೊಳಗೆ ಇವತ್ತಿಗೂ ಜನ ಮನೆ ಮಾಡಿಕೊಂಡಿದ್ದಾರೆ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವ ಅಜ್ಜಿಯ ಅಂಗಳ ಅದು. ಕ್ಯಾಮೆರಾ ಇಳಿಸಿ, ನಕ್ಕು, ಕೈಸನ್ನೆಯಲ್ಲಿ ಕೇಳಿ. ಬೇಡವೆಂದರೆ ಬಿಡಿ.

ಅಮ್ಮನಿಗೆ ಇಷ್ಟು ಹೇಳಿ: ಕತ್ತಲಾಗುವ ಮೊದಲೇ ಊರು ಸೇರುವ ಬಸ್ಸನ್ನೇ ಹಿಡಿಯುತ್ತೇನೆ, ಯಾವ ದೇಶದಲ್ಲಿದ್ದರೂ ತುರ್ತಿಗೆ 112 ಇದೆ, ಪ್ರತಿ ಊರಿನ ವಿಳಾಸ ನಿನ್ನ ಹತ್ತಿರ ಇರುತ್ತದೆ ಅಂತ. ಬಸ್ ನಿಲ್ದಾಣಗಳು ಎಲ್ಲ ಕಡೆ ಊರ ನಡುವೆ ಇರುವುದಿಲ್ಲ. ವಿಯೆನ್ನಾದ ಎರ್ಡ್‌ಬರ್ಗ್ ನಿಲ್ದಾಣ ಇರುವುದು ಹೆದ್ದಾರಿಯ ಮೇಲ್ಸೇತುವೆಯ ಅಡಿಯಲ್ಲಿ, ನೋಡಿದರೆ ಮೊದಲಿಗೆ ಗಾಬರಿಯಾಗುತ್ತದೆ. ಪಕ್ಕದಲ್ಲೇ ಯು3 ಮೆಟ್ರೊ ಇದೆ, ಹತ್ತಿದರೆ ನೇರ ಊರೊಳಗೆ. ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿಶ್ರಾಂತಿ ಪಡೆಯಬೇಕೆಂಬುದು ಅಲ್ಲಿನ ಕಾನೂನು, ಹಾಗಾಗಿ ದೂರದ ದಾರಿಯಲ್ಲಿ ನಿಲುಗಡೆ ಇದ್ದೇ ಇರುತ್ತದೆ. ಇಳಿಯುವಾಗ ಬಸ್ಸಿನ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ, ಪಕ್ಕದಲ್ಲೇ ಅದೇ ಬಣ್ಣದ ಇನ್ನೆರಡು ಬಸ್ಸು ನಿಂತಿರಬಹುದು. ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಡಲಿ. ಹಾಲಿನ, ಮಾಂಸದ ಪದಾರ್ಥ ಒಯ್ಯಲು ಬಿಡುವುದಿಲ್ಲ, ತುಪ್ಪ, ಪೇಡೆ ಬೇಡ.

ಪ್ರಶ್ನೆ: ನಾನು ಜರ್ಮನಿಯಲ್ಲಿ ಓದುತ್ತಿರುವ ಹುಬ್ಬಳ್ಳಿಯ ಹುಡುಗ. ಬಸ್ಸಿನ ಕಿಟಕಿಯಿಂದ ತೆಗೆದ ಚಿತ್ರಗಳಲ್ಲಿ ಕಾಮನಬಿಲ್ಲಿನಂಥ ಕಲೆಗಳು ಬರುತ್ತವೆ. ಲೆನ್ಸ್ ಕೆಟ್ಟಿದೆಯೇ ಸರ್?

ಉತ್ತರ: ಲೆನ್ಸಿಗೆ ಏನೂ ಆಗಿಲ್ಲ ತಮ್ಮಾ. ನೀನು ಲೆನ್ಸಿನ ಮುಂದೆ ಪೋಲರೈಸರ್ (ಹೊಳಪು, ಪ್ರತಿಫಲನ ತಗ್ಗಿಸುವ) ಫಿಲ್ಟರ್ ಹಾಕಿರಬೇಕು. ಬಸ್ಸಿನ ಪಕ್ಕದ ಗಾಜನ್ನು ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿರುತ್ತಾರೆ. ಆಗ ಗಾಜಿನೊಳಗೆ ಉಳಿದ ಒತ್ತಡ ಪೋಲರೈಸರ್ ಮೂಲಕ ಬಣ್ಣವಾಗಿ ಕಾಣುತ್ತದೆ. ಫಿಲ್ಟರ್ ಬಿಚ್ಚಿಡು. ಕಪ್ಪು ಶಾಲನ್ನು ಕಿಟಕಿಗೆ ಹಿಡಿದು ಲೆನ್ಸನ್ನು ಗಾಜಿನ ಹತ್ತಿರಕ್ಕೆ ತಾ, ಒಳಗಿನ ಪ್ರತಿಬಿಂಬ ಹೋಗುತ್ತದೆ. ಗಾಜಿಗೆ ಒರಗಿಸಬೇಡ, ಅದುರುತ್ತದೆ. ಶಟರ್ ವೇಗ 1/1000 ಸೆಕೆಂಡಿಗಿಂತ ನಿಧಾನ ಬೇಡ.

ಸೀಟು ಆರಿಸುವಾಗ ಸೂರ್ಯನನ್ನು ಬೆನ್ನಿಗಿಟ್ಟುಕೋ. ಬಿಸಿಲು ನೇರ ಬೀಳುವ ಕಿಟಕಿಯಲ್ಲಿ ಗಾಜಿನ ಧೂಳೆಲ್ಲ ಹೊಳೆಯುತ್ತದೆ. ಪ್ರಾಗ್‌ನಿಂದ ವಿಯೆನ್ನಾಕ್ಕೆ ಮಧ್ಯಾಹ್ನದ ಮೇಲೆ ಹೋಗುವುದಾದರೆ ಎಡಗಡೆ ಕೂರು. ಸ್ಪ್ಲಿಟ್‌ನಿಂದ ಡುಬ್ರೊವ್‌ನಿಕ್‌ಗೆ ಬೆಳಗಿನ ಬಸ್ಸು ಹಿಡಿದು ಬಲಗಡೆ ಕೂರು. ಸಮುದ್ರ ಆ ಕಡೆಗಿದೆ, ಬಿಸಿಲು ಹಿಂದಿನಿಂದ ಬಂದು ನೀರಿನ ಮೇಲೆ ಬೀಳುತ್ತಿರುತ್ತದೆ.